ಅಕ್ಕನ ಫೋನಿನಲ್ಲಿ ತೆರೆದಿದ್ದ ಟ್ಯಾಬ್‌ಗಳು

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಟ್ಯಾಬಿಗೆ ಜಾಗವಿಲ್ಲ. ಪಹಣಿ ಪ್ರಿಂಟಾಯಿತೋ, ಮುಚ್ಚು. ಆದಾಯ ಪ್ರಮಾಣಪತ್ರದ ಅರ್ಜಿ ಹೋಯಿತೋ, ಮುಚ್ಚು. ಮಗಳ ಫಲಿತಾಂಶ ನೋಡಲು ಬಂದ ಅಪ್ಪ ಪಾಸಾಗಿದ್ದನ್ನು ಕೇಳಿ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾನಲ್ಲ, ಅಷ್ಟರೊಳಗೆ ಅದನ್ನೂ ಮುಚ್ಚಿರುತ್ತೇನೆ. ಚಳ್ಳಕೆರೆಯಲ್ಲಿ ತಾಲ್ಲೂಕು ಕಚೇರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನನ್ನ ಅಂಗಡಿ. ಆನ್‌ಲೈನ್ ಅರ್ಜಿ ತುಂಬಿಕೊಡುವುದು, ಜೆರಾಕ್ಸ್, ಲ್ಯಾಮಿನೇಷನ್. ಶುರು ಮಾಡಿದ ಹೊಸದರಲ್ಲಿ ತಳಕಿನ ಕಡೆಯ ಒಬ್ಬ ಯಜಮಾನರದ್ದೂ ಪರಶುರಾಂಪುರದ ಕಡೆಯ ಇನ್ನೊಬ್ಬರದ್ದೂ ಅರ್ಜಿಯನ್ನು ಎರಡು ಟ್ಯಾಬಿನಲ್ಲಿ ಒಟ್ಟಿಗೆ ತೆಗೆದು ಕೂತಿದ್ದೆ. ಅವರ ಆಧಾರ್ ಇವರಿಗೆ, ಇವರ ಹೊಲ ಅವರಿಗೆ. ಅವತ್ತು ತಿಂದ ಬೈಗುಳ ಇನ್ನೂ ಕಿವಿಯಲ್ಲಿದೆ. ಆಮೇಲೆ ಒಬ್ಬರ ಕೆಲಸ ಮುಗಿಸಿ ಮುಚ್ಚಿದ ಮೇಲೇ ಇನ್ನೊಬ್ಬರದ್ದು ತೆಗೆಯುವುದು ಎಂದು ನಿಯಮ ಮಾಡಿಕೊಂಡೆ. ಈ ನಿಯಮದ ಬಗ್ಗೆ ನನಗೆ ಬಹಳ ಜಂಬ ಇತ್ತು.

ನನ್ನ ಅಕ್ಕ ಇದಕ್ಕೆ ಪೂರ್ತಿ ತದ್ವಿರುದ್ಧ. ನನಗಿಂತ ಐದು ವರ್ಷ ದೊಡ್ಡವಳು. ನಮ್ಮದು ಪರಶುರಾಂಪುರದ ಹತ್ತಿರದ ಹಳ್ಳಿ, ಕಡಲೆಕಾಯಿ ಬೆಳೆಯುವ ಮನೆ. ಅವಳನ್ನು ಕೊಟ್ಟಿದ್ದು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ನೇಯುವವರ ಮನೆಗೆ. ಮಗ್ಗದ ಮನೆಯಲ್ಲಿ ಗೇಣುದ್ದದ ಎಳೆಯನ್ನೂ ಎಸೆಯುವುದಿಲ್ಲ, ಯಾವುದಕ್ಕಾದರೂ ಬಂದೀತು ಎಂದು ಗೂಟಕ್ಕೆ ಸುತ್ತಿಡುತ್ತಾರೆ. ಅಕ್ಕ ಫೋನಿನಲ್ಲೂ ಅದನ್ನೇ ಮಾಡಿದಳು. ಒಂದು ಸಲ ತೆಗೆದ ಪುಟವನ್ನು ಅವಳು ಮುಚ್ಚಿದ್ದೇ ಇಲ್ಲ. ಮಂಡಿನೋವಿಗೆ ಎಕ್ಕದ ಎಲೆ ಕಟ್ಟುವುದು ಹೇಗೆ, ಹುರುಳಿಕಾಳಿನ ಸಾರು, ಬಳ್ಳಾರಿ ಬಸ್ಸು, ಜರಿಗೆ ಕಪ್ಪು ಹಿಡಿದರೆ ಏನು ಮಾಡಬೇಕು, ಎಲ್ಲವೂ ಒಂದರ ಹಿಂದೊಂದು ನಿಂತಿರುತ್ತಿದ್ದವು. ಫೋನಿನಲ್ಲಿ ಮೇಲುಗಡೆ ಒಂದು ಚೌಕ ಇರುತ್ತದಲ್ಲ, ಎಷ್ಟು ಟ್ಯಾಬ್ ತೆಗೆದಿದ್ದೀರಿ ಎಂದು ಲೆಕ್ಕ ತೋರಿಸುವುದು, ಅದು ನೂರು ಮುಟ್ಟಿದರೆ ಅಂಕಿ ಬಿಟ್ಟು ನಗುವ ಮುಖ ತೋರಿಸುತ್ತದೆ. ಅಕ್ಕ ಅದನ್ನು ನೋಡಿ, ಫೋನಿಗೆ ತನ್ನನ್ನು ಕಂಡರೆ ಇಷ್ಟ ಎಂದುಕೊಂಡಿದ್ದಳು.

ಆ ಫೋನು ಹೊಸದಾಗಿ ಬಂದಾಗ ಸಿದ್ಧಮಾಡಿಕೊಟ್ಟವಳು ನಾನೇ. ಅದು ಮೇಲ್ ಐಡಿ ಕೇಳಿತು, ಅಕ್ಕನಿಗೆ ಮೇಲ್ ಐಡಿ ಎಲ್ಲಿಂದ ಬರಬೇಕು? ನನ್ನದನ್ನೇ ಹಾಕಿದೆ. ನಮ್ಮ ಮನೆಯವರ ಫೋನಿಗೂ ನನ್ನದೇ, ಮೈದುನನ ಫೋನಿಗೂ ನನ್ನದೇ. ನಮ್ಮ ಕಡೆ ಪ್ರತಿ ವಂಶಕ್ಕೂ ಒಂದೇ ಮೇಲ್ ಐಡಿ, ಅದನ್ನು ಇಟ್ಟುಕೊಂಡವರು ಯಾರೋ ಒಬ್ಬರು ಓದಿದವರು. ಅದರಿಂದ ಏನಾಗುತ್ತದೆ ಎಂದು ಆಗ ಯೋಚಿಸಲಿಲ್ಲ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಅಕ್ಕ ಒಂದೂವರೆ ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದಳು. ಅಷ್ಟು ದಿನವೂ ಅವಳು ಏನು ನೋಡುತ್ತಿದ್ದಾಳೆ, ಏನು ಹುಡುಕುತ್ತಿದ್ದಾಳೆ ಎಂದು ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ನಾನು ಓದುತ್ತಿದ್ದೆ. ಅವಳು ಮತ್ತೆ ನನ್ನ ಜೊತೆ ಮಾತಾಡುತ್ತಾಳಾ ಇಲ್ಲವಾ, ಅದೊಂದೇ ನನಗೆ ಬೇಕಾಗಿದ್ದದ್ದು. ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಬಾಯಿ ನನಗೆ ಬೇರೆಯವರನ್ನು ಬೈಯುವಾಗ ಬರುವಷ್ಟು ಚೆನ್ನಾಗಿ ತಪ್ಪು ಒಪ್ಪಿಕೊಳ್ಳುವಾಗ ಬರುವುದಿಲ್ಲ.

ಮಾತು ಬಿಟ್ಟಿದ್ದು ಹೀಗೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೇ ದಿನ ಹತ್ತಿರ ಬಂದಿತ್ತು. ಅಂಗಡಿ ತುಂಬ ಜನ, ಹೊರಗೆ ಮೆಟ್ಟಿಲ ಮೇಲೂ ಜನ. ಸರ್ವರ್ ಒಂದು ಗಳಿಗೆ ಬರುತ್ತಿತ್ತು, ಒಂದು ಗಳಿಗೆ ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಅಕ್ಕ ಬಂದಳು. ಹೇಳದೆ ಕೇಳದೆ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಬಂದಿದ್ದಳು. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಜನರನ್ನು ದಾಟಿ ನನ್ನ ಕುರ್ಚಿಯ ಪಕ್ಕಕ್ಕೆ ಬಂದು ಫೋನು ಚಾಚಿದಳು.

"ನಿನಗೊಂದು ತೋರಿಸ್ಬೇಕಿತ್ತು ಕಣೇ. ಒಂದ್ಸಲ ನೋಡು. ಈ ಫೋನು ತೆಗಿಯಾಕೇ ಬಿಡ್ತಿಲ್ಲ, ಗಿರಗಿರ ತಿರುಗ್ತಾ ನಿಂತೈತೆ."

"ಕೂತ್ಕ ಅಕ್ಕ, ನೋಡ್ತೀನಿ," ಎಂದೆ. ಕೂರಲು ಜಾಗ ಇರಲಿಲ್ಲ. ಅವಳು ನಿಂತೇ ಇದ್ದಳು. ನಾನು ಒಂದು ಕೈಯಲ್ಲಿ ಮೌಸ್ ಹಿಡಿದು ಇನ್ನೊಂದು ಕೈಯಲ್ಲಿ ಅವಳ ಫೋನು ತೆಗೆದುಕೊಂಡೆ. ಮೇಲೆ ನಗುವ ಮುಖ. ನೂರಕ್ಕೆ ಮೇಲ್ಪಟ್ಟು ಟ್ಯಾಬ್. ನನ್ನ ಪಿತ್ತ ನೆತ್ತಿಗೇರಿತು.

"ಇದೇನಕ್ಕ, ಫೋನಾ ಸಂತೆನಾ? ಹಿಂಗೆ ಗುಡ್ಡೆ ಹಾಕಿದ್ರೆ ಅದಾದ್ರೂ ಏನು ಮಾಡ್ಬೇಕು? ಮನೆ ಕಸ ದಿನಾ ಗುಡಿಸ್ತೀಯಾ, ಇದನ್ನ ಗುಡಿಸ್ಬೇಕು ಅಂತ ಗೊತ್ತಾಗಲ್ವಾ?"

ಹೇಳುತ್ತಲೇ 'ಎಲ್ಲ ಟ್ಯಾಬ್ ಮುಚ್ಚು' ಎನ್ನುವುದನ್ನು ಒತ್ತಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಕೆಲಸ ಅಚ್ಚುಕಟ್ಟಾಗಬೇಕಲ್ಲ, ಹಿಸ್ಟರಿಯನ್ನೂ ಅಳಿಸಿದೆ. ಹಿಂದಿನದು ಎಂದು ಏನೇನು ಇರುತ್ತದೋ ಅದೆಲ್ಲವನ್ನೂ ತೊಳೆದು ಹಾಕಿದೆ. ಟ್ಯಾಬ್ ಮುಚ್ಚಿದಾಗ ಕೆಳಗಡೆ ಸ್ವಲ್ಪ ಹೊತ್ತು 'ರದ್ದುಮಾಡು' ಎಂದು ಒಂದು ಪಟ್ಟಿ ಬರುತ್ತದೆ, ಮುಟ್ಟಿದರೆ ಎಲ್ಲ ವಾಪಸ್ ಬರುತ್ತವೆ. ಬಂದಿತ್ತು. ಕಂಡೆ. ಅದು ತಾನಾಗಿ ಹೋಗುವ ತನಕ ಬಿಟ್ಟೆ.

"ತಗೋ, ಈಗ ಕುದುರೆ ಓಡ್ದಂಗೆ ಓಡ್ತೈತೆ," ಎಂದು ಫೋನು ವಾಪಸ್ ಕೊಟ್ಟೆ.

ಅಕ್ಕ ಬೆರಳಿನಿಂದ ಆ ಕಡೆ ಈ ಕಡೆ ಸರಿಸಿ ನೋಡಿದಳು. "ಎಲ್ಲಿ ಹೋದ್ವೇ?"

"ಹೋದ್ವು. ಅದಕ್ಕೇ ಹಗುರಾಗಿರೋದು."

"ಅದರಾಗೆ ಅವ್ವನ ಸೀರೆ ಇತ್ತಲ್ಲೇ."

ನನಗೆ ತಲೆಬುಡ ತಿಳಿಯಲಿಲ್ಲ. ತಿಳಿದುಕೊಳ್ಳುವ ತಾಳ್ಮೆಯೂ ಇರಲಿಲ್ಲ. "ಸೀರೆನ ಬೀರುವಿನಾಗೆ ಇಡ್ತಾರಕ್ಕ, ಫೋನಿನಾಗಲ್ಲ," ಎಂದೆ. ಸರತಿಯಲ್ಲಿದ್ದವರು ನಕ್ಕರು. ಜನ ನಕ್ಕರೆ ನನಗೆ ಇನ್ನೂ ಹುರುಪು. "ಮೊಳಕಾಲ್ಮೂರಿನೋರಿಗೆ ಎಲ್ಲೆಲ್ಲೂ ಸೀರೆನೇ ಕಾಣ್ತೈತೆ ನೋಡ್ರಿ," ಎಂದು ಇನ್ನೊಂದು ಸೇರಿಸಿದೆ. ಅವರು ಇನ್ನೂ ನಕ್ಕರು. ಅಕ್ಕ ಫೋನನ್ನು ಚೀಲದಲ್ಲಿ ಹಾಕಿಕೊಂಡಳು. ನೀರು ಕುಡಿಯುತ್ತೀಯಾ ಎಂದು ನಾನು ಕೇಳುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಎರಡೂ ಒಂದೇ ಸಲ ಆಗಿತ್ತು, ಆದರೆ ಅದು ನನಗೆ ಗೊತ್ತಾಗಿದ್ದು ಸಂಜೆ, ಅಂಗಡಿ ಖಾಲಿಯಾದ ಮೇಲೆ.

ಅವ್ವನ ಸೀರೆ ಎಂದರೆ ಒಂದೇ ಸೀರೆ. ಅವಳ ಮದುವೆಯದ್ದು, ಮೊಳಕಾಲ್ಮೂರಿನದು. ಕುಂಕುಮದ ಬಣ್ಣದ ಒಡಲು, ಹಸಿರು ಅಂಚು, ಅಂಚಿನ ತುಂಬ ಜರಿಯ ಹಕ್ಕಿಗಳು. ವರ್ಷಕ್ಕೆ ಎರಡೋ ಮೂರೋ ಸಲ ಉಡುತ್ತಿದ್ದಳು. ಮದುವೆಮನೆಯಿಂದ ಬಂದವಳೇ ಬಾಗಿಲು ಮುಂದೆ ಮಾಡಿ, ಸೀರೆ ಬಿಚ್ಚಿ, ನೆರಳಲ್ಲಿ ಹರವುತ್ತಿದ್ದಳು. ಆಮೇಲೆ ನಾವಿಬ್ಬರೂ ಒಂದೊಂದು ತುದಿ ಹಿಡಿದು ಮಡಿಸಬೇಕಿತ್ತು. ನಾನು ಕುಳ್ಳಿ, ನನ್ನ ಕಡೆ ನೆಲ ಮುಟ್ಟುತ್ತಿತ್ತು. ಅದಕ್ಕೆ ಅಕ್ಕ ಬಗ್ಗಿ ನಿಲ್ಲುತ್ತಿದ್ದಳು. ಆ ಸೀರೆ ಉಟ್ಟ ಅವ್ವನ ಫೋಟೊ ಒಂದೂ ಇಲ್ಲ. ಗೋಡೆಯ ಮೇಲಿರುವುದು ಮತದಾರರ ಗುರುತಿನ ಚೀಟಿಯದ್ದನ್ನು ದೊಡ್ಡದು ಮಾಡಿಸಿದ್ದು, ಅದರಲ್ಲಿ ಅವ್ವ ಯಾರ ಮೇಲೋ ಸಿಟ್ಟಾದವಳಂತೆ ಕಾಣುತ್ತಾಳೆ.

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ನನ್ನ ಮನೆಗೆ ಬಂತು. ಅಕ್ಕನೇ ಹೇಳಿದಳು, ನಮ್ಮನೆ ತುಂಬ ರೇಷ್ಮೆ ಐತೆ, ಸೀರೆ ನೀನೇ ಇಟ್ಕ ಎಂದು. ಇಟ್ಟುಕೊಂಡೆ. ಒಂದೆರಡು ವರ್ಷಕ್ಕೆ ಅದು ಮಡಿಕೆಯ ಉದ್ದಕ್ಕೂ ಬಿರಿಯಿತು, ಜರಿ ಕಪ್ಪಾಯಿತು. ನಮ್ಮ ಬೀದಿಗೆ ಒಬ್ಬ ಪಾತ್ರೆಯವನು ಬರುತ್ತಿದ್ದ. ಹಳೇ ಜರಿ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುತ್ತಿದ್ದ. ಮನೆ ಸುಣ್ಣ ಬಳಿಸುತ್ತಿದ್ದೆವು, ಎಲ್ಲ ಸಾಮಾನೂ ಅಂಗಳದಲ್ಲಿತ್ತು, ಆ ಟ್ರಂಕೂ ಇತ್ತು. ನಾನು ಸೀರೆಯನ್ನು ಬಿಡಿಸಿ ಕೂಡ ನೋಡದೆ ಕೊಟ್ಟುಬಿಟ್ಟೆ. ಒಂದು ಕೊಳಗ, ಒಂದು ಜರಡಿ ಬಂತು. ಮುಂದೆ ಒಂದು ದಿನ ಅಕ್ಕ ಊಟಕ್ಕೆ ಕೂತಾಗ ಕೇಳಿದಳು, ಅವ್ವನ ಸೀರೆ ಎಲ್ಲೈತೆ ಎಂದು. ಹೇಳಿದೆ. ಅವಳು "ಹೌದಾ" ಎಂದಳು, ಮುದ್ದೆ ಮುರಿದಳು, ಉಂಡಳು. ಆಮೇಲೆ ಒಂದು ಸಲವೂ ಆ ಮಾತೆತ್ತಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಮರೆತುಬಿಡುತ್ತಿದ್ದೆ.

ಆ ವಿದ್ಯಾರ್ಥಿವೇತನದ ದಿನದ ನಂತರ ನಾನು ವಾರ ಕಾದೆ. ಸಾಮಾನ್ಯವಾಗಿ ಅವಳೇ ಫೋನ್ ಮಾಡುವವಳು. ಮಾಡಲಿಲ್ಲ. ಸಿಟ್ಟು ಇಳಿದ ಮೇಲೆ ಮಾಡುತ್ತಾಳೆ ಎಂದುಕೊಂಡೆ. ತಿಂಗಳಾಯಿತು. ಗೌರಸಮುದ್ರದ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಲು ಪ್ರತಿ ವರ್ಷ ನಾವಿಬ್ಬರೂ ಜೊತೆಗೇ ಹೋಗುವುದು, ಆ ಸಲ ಅವಳು ಮೊದಲೇ ಹೋಗಿಬಂದಳು ಎಂದು ಬೇರೆಯವರಿಂದ ಕೇಳಿದೆ. ಅವತ್ತು ಅಂಗಡಿಗೆ ಬಂದವರಿಗೆಲ್ಲ ಬೈದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಮ್ಮ ಮನೆಯವರು, "ಒಂದು ಫೋನ್ ಮಾಡಿದ್ರೆ ನಿನ್ನ ಕಿರೀಟ ಬೀಳ್ತೈತಾ?" ಎಂದರು. ಅವರಿಗೂ ಬೈದೆ.

ಮೂರು ತಿಂಗಳಾಗಿತ್ತು. ಒಬ್ಬ ಹುಡುಗಿ ಸಲ್ಲಿಸಿದ ಅರ್ಜಿಯ ಪುಟವನ್ನು ನನ್ನ ಎಂದಿನ ಅವಸರದಲ್ಲಿ ಪ್ರಿಂಟ್ ತೆಗೆಯುವ ಮುಂಚೆಯೇ ಮುಚ್ಚಿಬಿಟ್ಟೆ. ಅದನ್ನು ಹಿಂದಕ್ಕೆ ತರಲು ಹಿಸ್ಟರಿ ತೆಗೆದರೆ ಪಟ್ಟಿಯ ಕೆಳಗೆ ಬೇರೊಂದು ಪಟ್ಟಿ ಕಂಡಿತು. ಬೇರೆ ಫೋನಿನಲ್ಲಿ ತೆರೆದಿರುವ ಟ್ಯಾಬ್‌ಗಳು. ಫೋನಿನ ಮಾಡೆಲ್ ಹೆಸರು ಅಕ್ಕನದ್ದು. ಒಂದೇ ಮೇಲ್ ಐಡಿಯಲ್ಲವಾ, ಅವಳ ಫೋನಿನಲ್ಲಿ ತೆರೆದದ್ದೆಲ್ಲ ನನ್ನ ಪರದೆಗೆ ಬಂದು ಸಾಲಾಗಿ ನಿಂತಿತ್ತು. ಹುಡುಗಿಯ ಅರ್ಜಿಯನ್ನು ಮರೆತು ಅದನ್ನೇ ಓದುತ್ತಾ ಕೂತೆ.

ಮೊದಲು ಕಂಡದ್ದು ನುಗ್ಗೆಸೊಪ್ಪಿನ ಪಲ್ಯ. ಅದರ ಕೆಳಗೆ ಕಣ್ಣಿನ ಪೊರೆ ಆಪರೇಷನ್, ಎಷ್ಟು ದಿನ ನೀರು ತಾಗಿಸಬಾರದು. ಅವಳ ಅತ್ತೆಗೆ ಆಪರೇಷನ್ ಮಾಡಿಸುತ್ತಿದ್ದಾರೆ ಎಂದು ನನಗೆ ಗೊತ್ತಾಗಿದ್ದು ಹಾಗೆ. ಅದರ ಕೆಳಗೆ ಹಳೇ ರೇಷ್ಮೆ ಸೀರೆ. ಅದರ ಕೆಳಗೆ ಮೊಳಕಾಲ್ಮೂರು ಹಳೇ ರೇಷ್ಮೆ ಸೀರೆ ಕುಂಕುಮ ಬಣ್ಣ. ಅದರ ಕೆಳಗೆ ಹಸಿರು ಅಂಚು ಗಿಳಿ. ಹಸಿರು ಅಂಚು ನವಿಲು. ಹಸಿರು ಅಂಚು ಹಂಸ. ಹದಿನೇಳು ಟ್ಯಾಬ್ ಅದೇ. ಆಗ ನನಗೆ ಅರ್ಥವಾಯಿತು. ಹಳೇ ಸೀರೆಗಳನ್ನು ಕೊಂಡು ಮಾರುವ ಯಾವುದೋ ಪುಟದಲ್ಲಿ ಅಕ್ಕ ಅವ್ವನ ಸೀರೆಯನ್ನು ಕಂಡಿದ್ದಳು. ಪಾತ್ರೆಯವನಿಗೆ ಹೋದ ಸೀರೆ ಎಲ್ಲೆಲ್ಲಿ ಸುತ್ತಿತೋ. ಅದನ್ನು ತೋರಿಸಲು ಬಸ್ಸು ಹತ್ತಿ ಬಂದಿದ್ದಳು. ನಾನು ಆ ಸೀರೆಯನ್ನು ಎರಡನೇ ಸಲ ಕಳೆದಿದ್ದೆ, ಈ ಸಲ ಒಂದು ಜರಡಿಯೂ ಬರಲಿಲ್ಲ. ಮೊಳಕಾಲ್ಮೂರಿನವರ ಬಗ್ಗೆ ಮಾಡಿದ ಆ ತಮಾಷೆ ನೆನಪಾಗಿ ಮೈ ಉರಿಯಿತು. ಹುಡುಗಿ, "ಅಕ್ಕಾ, ನಂದು ಸಿಕ್ತಾ?" ಎಂದಳು. ಸಿಕ್ಕಿತು ಎಂದೆ. ಕಣ್ಣು ತುಂಬಿತ್ತು, ಪ್ರಿಂಟರ್ ಕಡೆ ತಿರುಗಿಕೊಂಡೆ.

ಅಲ್ಲಿಂದ ದಿನಾ ಅಂಗಡಿ ತೆಗೆದ ಕೂಡಲೇ ದೀಪ ಹಚ್ಚಿ ಕೈಮುಗಿದು, ಆಮೇಲೆ ಮಾಡುವ ಮೊದಲ ಕೆಲಸ ಅಕ್ಕನ ಟ್ಯಾಬ್ ನೋಡುವುದು. ಕದ್ದು ನೋಡುವುದು ತಪ್ಪು ಎಂದು ಗೊತ್ತು. ಬೇರೆ ಯಾರಾದರೂ ಹೀಗೆ ಮಾಡಿದರೆ ನಾನೇ ಜಾಡಿಸುತ್ತಿದ್ದೆ. ಆದರೆ ಅಕ್ಕನ ದನಿ ಕೇಳದೆ ಇದ್ದವಳಿಗೆ ಅಷ್ಟೇ ಗತಿ. ಅವಳು ಈ ಹೊತ್ತು ಅವರೆಕಾಳು ಉಪ್ಪಿಟ್ಟು ಹುಡುಕಿದ್ದಾಳೆ ಎಂದರೆ ಇವತ್ತು ಮನೆಯಲ್ಲಿ ನೆಂಟರಿದ್ದಾರೆ. ಸೊಂಟನೋವಿಗೆ ವ್ಯಾಯಾಮ ಹುಡುಕಿದ್ದಾಳೆ ಎಂದರೆ ರಾಟೆ ಮುಂದೆ ಜಾಸ್ತಿ ಹೊತ್ತು ಕೂತಿದ್ದಾಳೆ. ಒಂದು ಸಲ 'ಎಡಗೈ ಜೋಮು ಯಾಕೆ ಬರುತ್ತೆ' ಎಂದು ಕಂಡಿತು. ಆ ದಿನ ನಾಲ್ಕು ಸಲ ಅವಳ ನಂಬರ್ ತೆಗೆದೆ, ನಾಲ್ಕು ಸಲವೂ ಒತ್ತಲಿಲ್ಲ. ಮಾರನೇ ದಿನ 'ಹೋಳಿಗೆ ಹೂರಣ ನೀರಾದರೆ' ಎಂದು ಬಂತು. ಕೈ ಸರಿಹೋಗಿದೆ ಎಂದು ಸಮಾಧಾನಪಟ್ಟುಕೊಂಡೆ. ಮತ್ತು ಯಾವ ದಿನ ನೋಡಿದರೂ ಸೀರೆಯ ಟ್ಯಾಬ್ ಒಂದೆರಡು ಹೊಸದು ಇರುತ್ತಿತ್ತು. ಗಿಳಿ ಎಂದು ಹುಡುಕುತ್ತಿದ್ದಳು, ನವಿಲು ಎಂದು ಹುಡುಕುತ್ತಿದ್ದಳು. ನೇಕಾರರ ಮನೆಯವಳು, ಮಾರುವವರು ಒಂದೊಂದು ಕಡೆ ಒಂದೊಂದು ಹೆಸರು ಬರೆದಿರುತ್ತಾರೆ ಎಂದು ಎಲ್ಲ ಹೆಸರಿನಲ್ಲೂ ಹುಡುಕುತ್ತಿದ್ದಾಳೆ ಎಂದು ಅವಳ ಜಾಣತನ ಮೆಚ್ಚಿದೆ.

ನಾನೂ ಹುಡುಕಲು ಶುರುಮಾಡಿದೆ. ತಪ್ಪಿಗೆ ಪ್ರಾಯಶ್ಚಿತ್ತ ಅಂದುಕೊಳ್ಳಿ. ಆ ಪುಟ ಸಿಕ್ಕಿದರೆ ಅದನ್ನು ಹಿಡಿದುಕೊಂಡು ಹೋಗಿ ಅವಳ ಮುಂದೆ ನಿಲ್ಲಬಹುದು, ಬರೀ ಕೈಯಲ್ಲಿ ಹೋಗಿ ತಪ್ಪಾಯಿತು ಎನ್ನುವ ಕಷ್ಟ ಇಲ್ಲ. ಕನ್ನಡದಲ್ಲಿ ಹುಡುಕಿದೆ, ಇಂಗ್ಲಿಷಿನಲ್ಲಿ ಹುಡುಕಿದೆ. ಹಳೇ ಸೀರೆ ಮಾರುವವರು ಎಷ್ಟು ಜನ ಇದ್ದಾರೆ ಎಂದು ಆಗ ಗೊತ್ತಾಯಿತು. ಹರಿದ ಸೀರೆಯನ್ನು ಪರದೇಶದವರು ಕೊಂಡು ಕಿಟಕಿಗೆ ಕಟ್ಟುತ್ತಾರಂತೆ, ದಿಂಬಿನ ಚೀಲ ಹೊಲಿಸುತ್ತಾರಂತೆ. ಅವ್ವನ ಸೀರೆ ಎಲ್ಲೋ ದಿಂಬಾಗಿರಬಹುದು ಎಂದು ಯೋಚಿಸಿ ಎರಡು ದಿನ ಊಟ ಸೇರಲಿಲ್ಲ.

ಹುಡುಕುವಾಗ ನನಗೊಂದು ಕಷ್ಟ ಬಂತು. ಒಂದು ಕುಂಕುಮ ಬಣ್ಣದ ಸೀರೆ ಸಿಗುತ್ತದೆ, ಇದೇ ಇರಬಹುದಾ ಎನಿಸುತ್ತದೆ, ಮುಚ್ಚಲು ಕೈ ಬರುವುದಿಲ್ಲ. ಇನ್ನೊಂದು ಸಿಗುತ್ತದೆ, ಅದೂ ಹಾಗೆಯೇ. ಮುಚ್ಚಿದರೆ ಮತ್ತೆ ಸಿಗದಿದ್ದರೆ? ಹಾಗೆ ಬಿಟ್ಟು ಬಿಟ್ಟು ನನ್ನ ಪರದೆಯ ಮೇಲ್ಗಡೆ ಟ್ಯಾಬ್‌ಗಳು ಒತ್ತಿಕೊಂಡು ಹೆಸರು ಕಾಣದಷ್ಟು ಸಣ್ಣಗಾದವು. ಪಹಣಿ ಎಲ್ಲಿದೆ, ಸೀರೆ ಎಲ್ಲಿದೆ ತಿಳಿಯುತ್ತಿರಲಿಲ್ಲ. ಕಂಪ್ಯೂಟರ್ ಉಸ್ಸಪ್ಪಾ ಎನ್ನುತ್ತಿತ್ತು. ತಳಕಿನಿಂದ ಬರುವ ನಮ್ಮ ಹಳೇ ಗಿರಾಕಿ, ವಯಸ್ಸಾದವರು, ಒಂದು ದಿನ ಕಾದು ಕಾದು, "ಅಲ್ಲಮ್ಮ, ಮೊದ್ಲು ಪಟಾರನೆ ಕೊಡ್ತಿದ್ದೆ. ಈಗ್ಯಾಕೆ ಹಿಂಗೆ? ಮಿಷನ್ನಿಗೆ ವಯಸ್ಸಾತಾ, ನಿನಗೆ ವಯಸ್ಸಾತಾ?" ಎಂದರು. "ಇಬ್ರಿಗೂ ಆಗೈತೆ, ಕೂತ್ಕಳ್ರಿ," ಎಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ, ಅಕ್ಕ ಯಾಕೆ ಯಾವುದನ್ನೂ ಮುಚ್ಚುತ್ತಿರಲಿಲ್ಲ ಎಂದು ಆಗ ತಿಳಿಯಿತು. ಅವಳಿಗೆ ಪುಟ ಉಳಿಸಿಡುವ ಬೇರೆ ದಾರಿ ಗೊತ್ತಿರಲಿಲ್ಲ. ಹೇಳಿಕೊಡಬೇಕಾದವಳು ನಾನೇ ಆಗಿದ್ದೆ.

ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಹೊಳೆಯಿತು. ಅವಳದ್ದು ನನಗೆ ಕಾಣುತ್ತದೆ ಎಂದರೆ ನನ್ನದೂ ಅವಳಿಗೆ ಕಾಣಬೇಕಲ್ಲ. ಅಷ್ಟು ದಿನ ನಾನು ತೆರೆದಿದ್ದ ಟ್ಯಾಬ್‌ಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿದೆ. ಆದರೆ ಅಕ್ಕ ಅಷ್ಟು ದೂರ ಒತ್ತಿ ನೋಡುವವಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೂ, ನೋಡಿದರೆ ನೋಡಲಿ ಎನ್ನುವ ಆಸೆ ಹೋಗಲಿಲ್ಲ. ಆವತ್ತಿನಿಂದ ಅವಳಿಗೆಂದೇ ಒಂದೊಂದು ಟ್ಯಾಬ್ ಬಿಡತೊಡಗಿದೆ. ಸೊಂಟನೋವಿಗೆ ಕನ್ನಡದಲ್ಲಿ ಚೆನ್ನಾಗಿ ಹೇಳಿದ್ದ ಒಂದು ವಿಡಿಯೊ. ಮೊಳಕಾಲ್ಮೂರು ಚಳ್ಳಕೆರೆ ಬಸ್ಸಿನ ಹೊತ್ತು. ಅವಳ ಹುಟ್ಟುಹಬ್ಬ ಯಾವತ್ತೆಂದು ನಮಗೆ ಗೊತ್ತಿಲ್ಲ, ನಾಗರಪಂಚಮಿಗೆ ಹತ್ತಿರ ಎಂದು ಅವ್ವ ಹೇಳುತ್ತಿದ್ದಳು, ಹಾಗಾಗಿ ಆ ದಿನ ತಂಬಿಟ್ಟು ಮಾಡುವ ಪುಟ ತೆಗೆದು ಇಡೀ ದಿನ ಬಿಟ್ಟೆ. ಏನೂ ಉತ್ತರ ಬರಲಿಲ್ಲ. ಅವಳ ಪಟ್ಟಿಯಲ್ಲಿ ಆವತ್ತು ಇದ್ದದ್ದು ಇರುವೆ ಓಡಿಸುವ ಉಪಾಯ.

ಕೊನೆಗೆ ಸೀರೆ ಸಿಕ್ಕಿತು ಎನ್ನಬೇಕೋ ಇಲ್ಲವೋ. ಹಳೇ ಬಟ್ಟೆ ಮಾರುವ ಒಂದು ಇಂಗ್ಲಿಷ್ ತಾಣದ ತಳದಲ್ಲಿ, ಮಾರಾಟವಾಗಿ ಹೋದವುಗಳ ರಾಶಿಯಲ್ಲಿ ಮೂರು ಸೀರೆಗಳಿದ್ದವು. ಮೂರೂ ಮೊಳಕಾಲ್ಮೂರಿನವು, ಮೂರೂ ಕುಂಕುಮ ಬಣ್ಣ, ಮೂರಕ್ಕೂ ಹಸಿರು ಅಂಚು. ಒಂದರ ಅಂಚಿನಲ್ಲಿ ಗಿಳಿ, ಒಂದರಲ್ಲಿ ನವಿಲು, ಒಂದರಲ್ಲಿ ಹಂಸ. ಮೂರೂ ಮಡಿಕೆಯಲ್ಲಿ ಬಿರಿದಿದ್ದವು. ಅಕ್ಕನಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ ಎಂದುಕೊಂಡೆ. ಉಳಿದ ಎಲ್ಲ ಟ್ಯಾಬ್‌ಗಳನ್ನು ಮುಚ್ಚಿ, ಅವು ಮೂರನ್ನು ಮಾತ್ರ ಬಿಟ್ಟೆ. ಅರ್ಜಿಗೆ ಬಂದವರಿಗೆ ಸರ್ವರ್ ಇಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ.

ಮಾರನೇ ದಿನ ಬೆಳಿಗ್ಗೆ ಅಕ್ಕನ ಪಟ್ಟಿಯಲ್ಲಿ ಅದೇ ಮೂರು ಪುಟಗಳು, ಗಿಳಿಯದ್ದು, ನವಿಲಿನದ್ದು, ಹಂಸದ್ದು, ಒಂದರ ಕೆಳಗೊಂದು ಇದ್ದವು. ಅವಳು ನನ್ನ ಟ್ಯಾಬ್ ನೋಡುತ್ತಿದ್ದಳು. ಇಷ್ಟು ದಿನವೂ ನೋಡುತ್ತಿದ್ದಳೋ ಏನೋ. ಸಂತೋಷಕ್ಕೆ ಎದ್ದು ನಿಂತುಬಿಟ್ಟೆ. ಫೋನನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡೆ. ಅವತ್ತು ಅವಳ ಕರೆ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಹೆದರಿಸಿದ್ದು ಏನೆಂದರೆ, ಅವಳ ಪಟ್ಟಿ ಅಲ್ಲಿಗೇ ನಿಂತಿತು. ಅಡುಗೆ ಇಲ್ಲ, ಸೊಂಟ ಇಲ್ಲ, ಹೊಸ ಸೀರೆ ಇಲ್ಲ. ಒಂಬತ್ತು ದಿನ ಪಟ್ಟಿಯ ತಲೆಯಲ್ಲಿ ಅವೇ ಮೂರು. ಹತ್ತನೇ ದಿನ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ.

ತಳಕು ದಾಟಿ, ಬಂಡೆಗುಡ್ಡಗಳು ಶುರುವಾಗುವ ತನಕ ಏನು ಮಾತಾಡಬೇಕು ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಅವಳ ಬೀದಿಯಲ್ಲಿ ಮಗ್ಗಗಳ ಸದ್ದು ಕೇಳುತ್ತಿದ್ದ ಹಾಗೆಯೇ ಎಲ್ಲ ಮರೆತುಹೋಯಿತು. ಬಾಗಿಲಲ್ಲಿ ಅವಳ ಅತ್ತೆ ಕೂತಿದ್ದರು, ಆಪರೇಷನ್ ಆದ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, ಒಳಗೆ ಕೂಗಿದರು. "ನೀ ಚೆಲ್ಲೆಲು ವಚ್ಚಿಂದಿ ಚೂಡು." ಆ ಮನೆಯ ಮಾತು ತೆಲುಗು, ನಿನ್ನ ತಂಗಿ ಬಂದಳು ನೋಡು ಎನ್ನುವುದನ್ನು ಹಾಗೆಯೇ ಹೇಳುವುದು.

ಅಕ್ಕ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ತೆಳ್ಳಗಾಗಿದ್ದಳು. ಕೈ ನಿಲ್ಲಿಸಲಿಲ್ಲ.

"ಬಸ್ಸಿನಾಗೆ ಬಂದ್ಯಾ?"

"ಹೂಂ."

"ಊಟ?"

"ಆಗೈತೆ."

"ಸುಳ್ಳು ಹೇಳ್ಬ್ಯಾಡ," ಎಂದಳು. "ನಿನ್ನೆ ಎರಡೂವರೆ ಆದ್ರೂ ನಿನ್ನ ಅಂಗಡಿ ಟ್ಯಾಬ್ ಹೊಸವು ಬರ್ತಾನೇ ಇದ್ವು, ಊಟಕ್ಕೆ ಎದ್ದಿಲ್ಲ ಅಂತಲೇ. ಮೊನ್ನೆ ಮೂರು ಗಂಟೆ. ನಾನು ಕಳ್ಕೊಂಡಿದ್ದನ್ನ ಹುಡುಕ್ತಾ ಎಲ್ಲಾದ್ನೂ ಒತ್ತಿ ನೋಡುವಾಗ ನಿನ್ನವು ಕಂಡ್ವು. ಅವತ್ತಿಂದ ನೋಡ್ತಿದ್ದೀನಿ, ಹೊತ್ತಿಗೆ ಸರಿಯಾಗಿ ಉಂಡವಳೇ ಅಲ್ಲ ನೀನು."

ನಾನು ಅಲ್ಲೇ ನೆಲದ ಮೇಲೆ ಕೂತೆ. ಒಂದೂವರೆ ವರ್ಷ ಅವಳು ಮಾತು ಬಿಟ್ಟಿದ್ದಳು ಎಂದುಕೊಂಡಿದ್ದೆ. ಅವಳು ದಿನಾ ಮಧ್ಯಾಹ್ನ ನನ್ನ ಊಟ ಕಾಯುತ್ತಿದ್ದಳು. ಅಳು ಬಂತು, ತಡೆಯಲಿಲ್ಲ.

"ತಪ್ಪಾತು ಅಕ್ಕ."

"ಯಾವುದು?"

"ಎರಡೂ. ಪಾತ್ರೆಯೋನಿಗೆ ಕೊಟ್ಟಿದ್ದೂ, ಅವತ್ತು ಅಳಿಸಿದ್ದೂ. ಆ ಜನದ ಮುಂದೆ ನಗಾಡಿದ್ದೂ."

ರಾಟೆ ನಿಂತಿತು. ಅಕ್ಕ ಕೈ ಒರೆಸಿಕೊಂಡು, ಕಿಟಕಿಯಲ್ಲಿದ್ದ ಫೋನು ತೆಗೆದು, ನನ್ನ ಪಕ್ಕಕ್ಕೆ ಸರಿದು ಕೂತಳು. ಮೊದಲು ಗಿಳಿಯ ಸೀರೆ ತೋರಿಸಿದಳು. ಬೆರಳಿನಿಂದ ದೊಡ್ಡದು ಮಾಡಿ ಅಂಚು ಪೂರ್ತಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿದಳು. ಆಮೇಲೆ ನವಿಲು. ಆಮೇಲೆ ಹಂಸ. ಅವಳು ಫೋನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

"ಇದರಾಗೆ ಅವ್ವನ್ದು ಯಾವುದೇ?"

ನಾನು ಮೂರನ್ನೂ ಇನ್ನೊಂದು ಸಲ ನೋಡಿದೆ. ಅವ್ವ ಬಾಗಿಲು ಮುಂದೆ ಮಾಡಿ ಸೀರೆ ಬಿಚ್ಚುವುದು ಕಂಡಿತು, ನೆರಳು ಕಂಡಿತು, ನನ್ನ ಕೈಯಲ್ಲಿದ್ದ ತುದಿ ಕಂಡಿತು, ಆ ತುದಿಯಲ್ಲಿ ಹಕ್ಕಿ ಇತ್ತು. ಯಾವ ಹಕ್ಕಿ ಎಂದು ಎಷ್ಟು ನೋಡಿದರೂ ಕಾಣಲಿಲ್ಲ. ಹೇಗಾದರೂ ಒಂದನ್ನು ತೋರಿಸಿಬಿಡೋಣ ಎನಿಸಿತು. ಆದರೆ ಅಕ್ಕನಿಗೆ ಇನ್ನೊಂದು ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ.

"ಗೊತ್ತಾಗ್ತಿಲ್ಲ ಅಕ್ಕ. ನನಗೆ ಅಂಚು ನೆನಪಿಲ್ಲ."

ಬೈಯುತ್ತಾಳೆ ಎಂದು ಕಾದೆ. ಅವಳು ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

"ನನಗೂ ಇಲ್ಲ ಕಣೇ," ಎಂದಳು. "ನಿನಗಾದ್ರೂ ಇರ್ತೈತೆ ಅಂತ, ಅದನ್ನ ಕೇಳಾಕೇ ಅವತ್ತು ನಿನ್ನ ತಾವ ಬಂದಿದ್ದೆ."